ಇಳಿಸಿದ ಕುಶಲಕ್ಕನನ್ನು ಮರಳಿ ಗೋಡೆಗೇರಿಸುವ ಕುರಿತು

ಇಂದ:
ಸುಕೇಶ್, ಚಿತ್ರಕಾರ (ಹೆಬ್ಬೆರಳು ವಿಭಾಗ),
ಕಾಪು.

ಗೆ:
ಶ್ರೀ ಸ್ಟೀವನ್, ಅಧ್ಯಕ್ಷರು,
ಡಿಜಿಟಲ್ ಚಿತ್ರಕಾರರ ಬಳಗ, ಮಣಿಪಾಲ.

ವಿಷಯ: ‘ಬಂಗುಡೆ ಮಾರುವ ಕುಶಲಕ್ಕ’ ಎಂಬ ನನ್ನ ಚಿತ್ರವನ್ನು ಭಾನುವಾರದೊಳಗೆ ಪುನಃ ತೂಗುಹಾಕುವ ಬಗ್ಗೆ.

ಉಲ್ಲೇಖ: “ಫ್ರೀ ಆ್ಯಪಿನದ್ದನ್ನೆಲ್ಲ ಇಲ್ಲಿ ಇಡ್ಲಿಕ್ಕೆ ಆಗುವುದಿಲ್ಲ” ಎಂದು ತಾವು ಮೆಟ್ಟಿಲಲ್ಲಿ ನಿಂತು ನೀಡಿದ ಮೌಖಿಕ ಆದೇಶ.

ಮಾನ್ಯರೇ,

1. ಕಾಪುವಿನಿಂದ ಕಾರ್ಕಳದವರೆಗೆ ನನ್ನಂತೆ ಹೆಬ್ಬೆರಳಿನಲ್ಲಿ ಚಿತ್ರ ಬಿಡಿಸುವವ ಇನ್ನೊಬ್ಬನಿಲ್ಲ. ನಾನು ಬಿಡಿಸಿದ ಬಂಗುಡೆ ಮೀನು ನೋಡಿ ನಮ್ಮ ಕೇರಿಯ ಏಳು ಬೆಕ್ಕುಗಳು ಫೋನ್ ನೆಕ್ಕಿವೆ. ಎಂಟನೆಯದು ಇನ್ನೂ ಫೋನ್ ಬಿಟ್ಟಿಲ್ಲ. ಆ ಕಾರಣ ಈ ಅರ್ಜಿ ಕೈಬರಹದಲ್ಲಿದೆ.

2. ಸದರಿ ಚಿತ್ರವನ್ನು ಪುಕ್ಕಟೆ ಆ್ಯಪಿನಲ್ಲಿ, ಪರದೆ ಒಡೆದ ಫೋನಿನಲ್ಲಿ ಬಿಡಿಸಿದ್ದು ಸತ್ಯ. ಸಮುದ್ರದ ಅಂಚು ಎಳೆಯಲು ಪರದೆಯ ಬಿರುಕೇ ಅಳತೆಪಟ್ಟಿಯಾಗಿ ಒದಗಿದೆ. ತಮ್ಮ ದುಬಾರಿ ಟ್ಯಾಬ್ಲೆಟ್ಟಿನಲ್ಲಿ ಈ ಸೌಲಭ್ಯವಿಲ್ಲ. ಬೇಕಾದಲ್ಲಿ ಒಮ್ಮೆ ಕೆಳಗೆ ಹಾಕಿದರೆ ಸಾಕು.

3. ಪ್ರದರ್ಶನದ ಪ್ರವೇಶ ನಮೂನೆ ತುಂಬಿಸಿದ್ದು, ಅಕ್ಷರ ಚಂದವೆಂಬ ಕಾರಣಕ್ಕೆ, ನನ್ನ ಸರ್ವೋತ್ತಮ ಮಾವ. ‘ಬಳಸಿದ ತಂತ್ರಾಂಶ’ ಎಂಬ ಕಾಲಮ್ ಬಂದಾಗ ಅವರು ಕನ್ನಡಕ ಏರಿಸಿ, “ಎಂತ ಮಾರಾಯ, ಚಿತ್ರ ಬಿಡಿಸ್ಲಿಕ್ಕೂ ತಂತ್ರಿಗಳು ಬೇಕಾ?” ಎಂದರು. ಸಾಫ್ಟ್‌ವೇರಿಗೆ ಕನ್ನಡದಲ್ಲಿ ತಂತ್ರಾಂಶ ಎನ್ನುತ್ತಾರೆಂದು ಅವರಿಗೆ ತಿಳಿಯದು. ತಿಳಿಸಬೇಕಾದ ನಾನು ಬೆಕ್ಕು ಓಡಿಸುತ್ತಿದ್ದೆ. ಆದ್ದರಿಂದ ನಮ್ಮ ಮನೆಯ ಪೂಜೆಗೆ ಬರುವವರ ಹೆಸರನ್ನೇ ಬರೆದು ಕಳುಹಿಸಿದರು: ಮಧ್ವರಾಜ ತಂತ್ರಿ.

4. ತಾವು ಆ ಹೆಸರನ್ನು ಓದಿ, ಬಾಗಿಲ ಎದುರಿನ ಗೋಡೆಯನ್ನೇ ನನಗೆ ಕೊಟ್ಟಿರಿ. ಉದ್ಘಾಟನೆಯ ದಿನ ನಡೆದ ಮಾತುಕತೆ ಇಂತಿದೆ:

“ಈ ಮಧ್ವರಾಜ ತಂತ್ರಿ ಹೇಗುಂಟು?”

“ತುಂಬಾ ಒಳ್ಳೆಯವರು ಸರ್.”

“ಹಳೆಯ ವರ್ಷನ್ ನಾನು ಬಳಸಿದ್ದೇನೆ. ಸ್ವಲ್ಪ ಸ್ಲೋ, ಅಲ್ವಾ?”

“ಹೌದು ಸರ್. ಮೊಣಕಾಲು ನೋವುಂಟು.”

“ರೇಟ್ ಎಂತ?”

“ದಕ್ಷಿಣೆ ಸರ್. ಎಷ್ಟು ಕೊಟ್ಟರೂ ಆಶೀರ್ವಾದ ಮಾಡಿ ಹೋಗ್ತಾರೆ.”

ಅಷ್ಟರಲ್ಲಿ ತಮಗೆ ತಂತ್ರಿಗಳ ವಿಷಯವೂ ಪುಕ್ಕಟೆ ಆ್ಯಪಿನ ವಿಷಯವೂ ತಿಳಿಯಿತು, ಚಿತ್ರ ಇಳಿಯಿತು. ಬೆಳಿಗ್ಗೆ ತಮ್ಮದೇ ಬಾಯಲ್ಲಿ ‘ಅದ್ಭುತ’ವಾಗಿದ್ದ ಬಂಗುಡೆ ಮಧ್ಯಾಹ್ನಕ್ಕೆ ಹಳಸಿದ್ದು ಹೇಗೆಂದು ಅರ್ಜಿದಾರನಿಗೆ ಅರ್ಥವಾಗಿಲ್ಲ. ತಾವು ಹಳೆಯ ವರ್ಷನ್ ಬಳಸಿದ ವಿಚಾರವನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಹೇಳಲು ತೊಡಗಿದರೆ ಹೇಗೆ ಹೇಳುತ್ತೇನೆ ಎಂಬುದನ್ನು ಮೇಲಿನ ಬೆಕ್ಕುಗಳ ಸಂಖ್ಯೆಯಿಂದ ಊಹಿಸಬಹುದು.

5. ಭಾನುವಾರ, ಪ್ರದರ್ಶನದ ಕೊನೆಯ ದಿನ, ಕುಶಲಕ್ಕ ಅರ್ಧ ವ್ಯಾಪಾರ ಬಿಟ್ಟು ತನ್ನನ್ನು ತಾನೇ ನೋಡಲು ಬಸ್ಸಿನಲ್ಲಿ ಬರುತ್ತಿದ್ದಾರೆ. ಮೂವತ್ತು ವರ್ಷಗಳಿಂದ ಜನ ಬಂದು ಮೀನಿನ ಕಣ್ಣು ನೋಡಿದ್ದಾರೆ, ಕಿವಿರು ಎತ್ತಿ ನೋಡಿದ್ದಾರೆ. ಮಾರುವವಳ ಮುಖ ಯಾರೂ ನೋಡಿಲ್ಲವಂತೆ. “ಗೋಡೆಗೆ ಹಾಕಿದ್ದಾರಾ ಮಗಾ? ಮಾಲೆಗೀಲೆ ಹಾಕ್ಲಿಲ್ಲ ಅಲ್ವಾ?” ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಸುಳ್ಳು ಹೇಳುವುದರಲ್ಲಿ ಜಿಲ್ಲೆಗೇ ಮೊದಲಿಗನಾದ ನನಗೆ, ಚಿತ್ರ ಇಳಿಸಿದ್ದಾರೆಂಬ ಈ ಒಂದು ನಿಜ ಹೇಳಲು ಬಾಯಿ ಬರಲಿಲ್ಲ.

ಆದ್ದರಿಂದ, ಮೇಲ್ಕಾಣಿಸಿದ ಕಾರಣಗಳಲ್ಲಿ ತಮಗೆ ಹಿಡಿಸಿದ ಯಾವುದಾದರೊಂದನ್ನು ಪರಿಗಣಿಸಿ, ಚಿತ್ರವನ್ನು ಅದೇ ಗೋಡೆಗೆ ಏರಿಸಬೇಕಾಗಿ ಪ್ರಾರ್ಥನೆ.

ಗೋಡೆ ಸಿಗುವವರೆಗೆ ತಮ್ಮ ವಿಶ್ವಾಸಿ,
ಸುಕೇಶ್

ಲಗತ್ತುಗಳು:
ಅ) ಮೊಳೆ, ಒಂದು.
ಆ) ದಾರ, ಒಂದೂವರೆ ಮೊಳ.
ಇ) ಸುತ್ತಿಗೆ (ನೆರೆಮನೆಯದು, ಹಿಂದಿರುಗಿಸತಕ್ಕದ್ದು).

ವಿ.ಸೂ.: ಅರ್ಜಿ ತಿರಸ್ಕೃತವಾದಲ್ಲಿ, ಭಾನುವಾರ ಹನ್ನೊಂದು ಗಂಟೆಗೆ ತಾವೇ ಬಾಗಿಲಲ್ಲಿ ನಿಂತು, ಖಾಲಿ ಗೋಡೆಯ ಕಾರಣವನ್ನು ಕುಶಲಕ್ಕನಿಗೆ ಖುದ್ದಾಗಿ ವಿವರಿಸಬೇಕಾಗಿ ವಿನಂತಿ. ಅವರು ಮಾರುಕಟ್ಟೆಯಿಂದ ನೇರವಾಗಿ ಬರುವುದರಿಂದ ಮೀನಿನ ಕತ್ತಿ ಬುಟ್ಟಿಯಲ್ಲೇ ಇರುತ್ತದೆ. ಇದು ಮಾಹಿತಿಗಾಗಿ ಮಾತ್ರ.