ತೊಗರಿಯೊಳಗಿನ ಜೋಳ

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ಎರಡೂವರೆ ವರ್ಷದ ಕೂಸಿನ ಮುಂದೆ ಸೋತೆ ಎಂದರೆ ಊರವರು ನಗುತ್ತಾರೆ. ನಗಲಿ. ನನ್ನ ಕೈಯಲ್ಲಿ ಮಗ್ಗಿ ಕಲಿತವರು ನಮ್ಮ ಗಡಿಭಾಗದ ಉಮರ್ಗಾದಲ್ಲಿ ವಕೀಲರಾಗಿದ್ದಾರೆ, ನಮ್ಮ ಮೊಮ್ಮಗಳು ಗೌರಿಯ ಬಾಯಿಂದ ಮಾತ್ರ ಒಂದು ಮಾತೂ ಹೊರಡಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಕೇಳಿದ್ದು ತಂದುಕೊಡುತ್ತಿದ್ದಳು; ಮಾತಿಲ್ಲ. ಡಾಕ್ಟರು ಕಿವಿ ನೋಡಿ, "ಏನೂ ತೊಂದರಿಲ್ಲ, ಕೂಸಿನ ಜೋಡಿ ಕುಂತು ಆಡ್ರಿ" ಎಂದರು. ಸೊಸೆ ರೂಪಾಳ ಮುಖ ಮಾತ್ರ ಇಳಿದೇ ಇತ್ತು.

ಆಕೆ ಕೆಲಸಕ್ಕೆ ಹೋಗುವಾಗ ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅಡುಗೆಮನೆಯ ಡಬ್ಬಿ, ಮುಚ್ಚಳ, ಕಾಳುಗಳಿಂದಲೇ ಮಕ್ಕಳಿಗೆ ಕಲಿಸುವುದು. ನನಗೆ ಉಮೇದು ಬಂತು. ಹತ್ತಕ್ಕೆ ಸರಿಯಾಗಿ ತರಗತಿ ಶುರು. ತೊಗರಿ ಈ ಬಟ್ಟಲಿಗೆ, ಜೋಳ ಆ ಬಟ್ಟಲಿಗೆ ಎಂದೆ. ಗೌರಿ ತೊಗರಿಯನ್ನು ನನ್ನ ಚಹಾಕ್ಕೆ ಹಾಕಿದಳು, ಜೋಳವನ್ನು ನನ್ನ ಚಪ್ಪಲಿಗೆ. "ತಪ್ಪು" ಎಂದು ನಾನು ತಿದ್ದಿದೆ. ಮತ್ತೆ ಹಾಕಿದಳು, ಮತ್ತೆ ತಿದ್ದಿದೆ. ಮೂರನೆಯ ದಿನ ನನ್ನನ್ನು ಕಂಡರೆ ಅಜ್ಜಿಯ ಸೆರಗಿನ ಹಿಂದೆ ಹೋಗತೊಡಗಿದಳು.

"ರೀ, ಕೂಸಿಗಿ ಪರೀಕ್ಷಾ ಇಟ್ಟೀರೇನು? ನೋಡ್ರಿ, ಮಾರಿ ಹ್ಯಾಂಗ ಸಣ್ಣ ಮಾಡ್ಯಾಳ" ಎಂದಳು ನನ್ನ ಹೆಂಡತಿ ಶಾಂತಾ.

ಆಗ ನೆನಪಾದಳು ಅವ್ವ. ದಾಳಿಂಬ ಊರಿನ ನಮ್ಮ ಹಳೆಯ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಮೊರದಲ್ಲಿ ತೊಗರಿ ಸುರಿದು, "ಜ್ವಾಳ ಕೂಡ್ಯಾವ ಮಗಾ, ನಿನ್ನ ಕಣ್ಣು ಚುರುಕ ಅದಾವ, ಆರಿಸಿ ಕೊಡು" ಎನ್ನುತ್ತಿದ್ದಳು. ನಾನಿಲ್ಲದಿದ್ದರೆ ಈ ಮನೆಯ ಬೇಳೆಯ ಗತಿ ಏನು ಎಂಬ ಗರ್ವದಿಂದ ಆರಿಸುತ್ತಿದ್ದೆ. ಮಾಸ್ತರನಾದ ಮೇಲೆ ಒಮ್ಮೆ ಕೇಳಿದೆ: "ಅವ್ವಾ, ನಮ್ಮ ತೊಗರ್ಯಾಗ ದಿನಾ ಜ್ವಾಳ ಎಲ್ಲಿಂದ ಬರತಿದ್ದವು?"

"ನಾನೇ ಕೂಡಸತಿದ್ದೆ. ಇಲ್ಲಾಂದ್ರ ನೀ ಒಲಿ ಮುಂದ ಬಂದು ಕೈ ಸುಟ್ಕೋತಿದ್ದಿ."

ಅವ್ವ ಒಂದು ಕಾಳನ್ನೂ ತಿದ್ದಿದ್ದು ನನಗೆ ನೆನಪಿಲ್ಲ.

ಮರುದಿನ ನಾನು ಗೌರಿಯನ್ನು ಕರೆಯಲಿಲ್ಲ. ನೆಲದ ಮೇಲೆ ಕುಳಿತು ಒಬ್ಬನೇ ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ತೊಡೆಯ ಮೇಲೆ ಒಂದು ಪುಟ್ಟ ಭಾರ ಬಂದು ಕೂತಿತು. ನಾನು ತಲೆ ಎತ್ತದೆ ಆರಿಸುತ್ತಲೇ ಇದ್ದೆ. ಹೀಗೇ ಹದಿನೈದು ದಿನ, ಕಾಳು ಬಾಯಿಗೋ ಮೂಗಿಗೋ ಹೋಗದಂತೆ ಕಣ್ಣಿಟ್ಟು, ಅವಳು ಹಾಕಿದ್ದನ್ನು ಹಾಕಿದಲ್ಲೇ ಬಿಟ್ಟೆ.

ಒಂದು ಮಧ್ಯಾಹ್ನ ಒಳಗೆ ರೊಟ್ಟಿ ಬಡಿಯುತ್ತಿದ್ದ ಶಾಂತಾಳ ಜೊತೆ ಮಾತಾಡುತ್ತ, ದೊಡ್ಡ ಡಬ್ಬಿಗೆ ಸಣ್ಣ ಮುಚ್ಚಳ ಒತ್ತುತ್ತಿದ್ದೆ. ಗೌರಿ ನನ್ನ ಕೈಗೊಂದು ಏಟು ಕೊಟ್ಟು, ಸ್ಪಷ್ಟವಾಗಿ ಅಂದಳು: "ತಪ್ಪು!"

ಹಿಟ್ಟಿನ ಕೈಯಲ್ಲೇ ಶಾಂತಾ ಓಡಿ ಬಂದು ಕೂಸನ್ನು ಎತ್ತಿಕೊಂಡಳು. ನನ್ನ ಕನ್ನಡಕ ಮಂಜಾಯಿತು. ರೂಪಾಳಿಗೆ ಫೋನು ಹಚ್ಚಿ, ಗೌರಿ ಮಾತಾಡಿದಳು ಎಂದೆ.

"ಖರೇನ್ರಿ ಮಾವಾರ? ಅವ್ವಾ ಅಂದ್ಲೇನು?" ಆಕೆ ಆಗಲೇ ಅಳುತ್ತಿದ್ದಳು.

"ಇಲ್ಲವ್ವಾ... ನನ್ನ ತಪ್ಪು ಹಿಡದಾಳ."

ಶಾಂತಾ ಫೋನು ಕಸಿದುಕೊಂಡಳು. "ಹದಿನೈದು ದಿನದ ಹಿಂದ ಈ ಗುರೂಜಿ ಏನು ಅನಕೋತ ಕುಂತಿದ್ರೋ ಅದನ್ನೇ ಕಲ್ತಾಳ ನೋಡು!"

ಈಗ ಗೌರಿಯ ಬಾಯಿ ನಿಲ್ಲುವುದಿಲ್ಲ. ಪಕ್ಕದ ಮನೆಯ ಮಕ್ಕಳಿಂದ ಮರಾಠಿಯನ್ನೂ ಕಲಿತಿದ್ದಾಳೆ. ಕನ್ನಡದಲ್ಲಿ "ತಪ್ಪು", ಮರಾಠಿಯಲ್ಲಿ "ಚೂಕ". ಎರಡು ಭಾಷೆ, ವಿದ್ಯಾರ್ಥಿ ಮಾತ್ರ ನಾನೊಬ್ಬನೇ.