ಎರಡನೇ ಕಾಲದ ಸ್ವೆಟರು

“ಮೂರೇ ಮೂರು ತಿಂಗಳು ಸಾ! ಒಂದು ಸ್ವೆಟರು, ಒಂದು ಹಾಡು. ಎರಡನ್ನೂ ಮುಗಿಸ್ದೆ ಇದ್ರೆ ನನ್ನ ಎಸ್ರು ಪುಟ್ಟರಾಜು ಅಲ್ಲ!”

ನಂಜನಗೂಡಿನ ತಮ್ಮ ಮನೆಯ ಜಗಲಿಯಲ್ಲಿ ಕೂತು ಹಾರ್ಮೋನಿಯಂ ಒರೆಸುತ್ತಿದ್ದ ಸಂಗೀತದ ಮೇಷ್ಟ್ರು ಚಿಕ್ಕಬಸಪ್ಪನವರು ಈ ಭೀಷಣ ಪ್ರತಿಜ್ಞೆಯನ್ನು ಕೇಳಿ ತಲೆಯನ್ನೂ ಎತ್ತಲಿಲ್ಲ.

“ಹೆಸರು ಬದಲಾಯಿಸೋದು ಈಗ ಭಾಳ ಕಷ್ಟ ಕಣಯ್ಯಾ. ಆಧಾರ್ ಕಾರ್ಡಿಂದ ಶುರು ಮಾಡ್ಬೇಕು. ಸುಮ್ನೆ ಕೂತ್ಕೊಂಡು ಶ್ರುತಿ ಹಿಡಿ.”

ಅದೇ ಊರಿನ ಪುಟ್ಟರಾಜು ಟಿ. ನರಸೀಪುರ ರಸ್ತೆಯಲ್ಲಿರುವ ಒಂದು ರೆಸಾರ್ಟಿನ ತೋಟದ ಕೆಲಸಗಾರ. ಮೂರು ಎಕರೆ ಹುಲ್ಲು, ನಾನೂರು ಗುಲಾಬಿ ಗಿಡ, ರಸ್ತೆಯುದ್ದಕ್ಕೂ ಕತ್ತರಿಸಿದಷ್ಟೂ ಚಿಗುರುವ ಬೇಲಿ ಗಿಡ, ಇದಿಷ್ಟೂ ಅವನ ಸಾಮ್ರಾಜ್ಯ. ಹೆಣಿಗೆ ಕಲಿತದ್ದು ಊಟಿಯಲ್ಲಿ. ಮದುವೆಗೆ ಮುಂಚೆ ಅಲ್ಲಿನ ನರ್ಸರಿಯೊಂದರಲ್ಲಿ ಕೆಲಸಕ್ಕಿದ್ದಾಗ, ಚಳಿಗೆ ಬೆರಳು ಮರಗಟ್ಟದಿರಲೆಂದು ಮುದುಕ ಮಾಲಿಯೊಬ್ಬ ಕೈಗೆ ಎರಡು ಕಡ್ಡಿ ಕೊಟ್ಟು ಕೂರಿಸಿದ್ದ. ಇನ್ನು ಸಂಗೀತದ ಹುಚ್ಚು ಹುಟ್ಟಿನಿಂದಲೇ ಇತ್ತು. ಕಂಠವೊಂದು ಬರುವುದು ಬಾಕಿಯಿತ್ತು!

ಆದರೆ ಈ ಸ್ವೆಟರು, ಈ ಹಾಡು, ಈ ಪ್ರತಿಜ್ಞೆ ಎಲ್ಲವೂ ಅವನ ಹೆಂಡತಿ ರಂಜಿನಿಗಾಗಿ. ಅವಳಿಗೆ ಟಿ. ನರಸೀಪುರದ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮಧ್ಯಾಹ್ನದ ಶಿಫ್ಟು. ಐದೂಮುಕ್ಕಾಲಿಗೆ ಇವನು ಮನೆ ಬಿಡುವಾಗ ಅವಳಿಗೆ ನಿದ್ದೆ. ಎಂಟೂವರೆಗೆ ಅವಳು ಮನೆ ಸೇರುವಾಗ ಇವನಿಗೆ ತೂಕಡಿಕೆ. ಭಾನುವಾರ ಅವಳಿಗೆ ರಜೆ. ಅವತ್ತೇ ರೆಸಾರ್ಟಿನಲ್ಲಿ ಜನ ಗಿಜಿಗುಟ್ಟಿ ಇವನಿಗೆ ದುಪ್ಪಟ್ಟು ದುಡಿಮೆ. ಮಂಗಳವಾರ ಇವನಿಗೆ ರಜೆ. ಅವತ್ತು ಮೊದಲ ಬಸ್ಸು ಹಿಡಿದು ಚಿಕ್ಕಯ್ಯನಛತ್ರಕ್ಕೆ ಹೋಗಿ ಅವ್ವನ ಬಾಳೆತೋಟ ನೋಡಿಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ ಅವಳು ಪಾತ್ರೆ ತೊಳೆಯುತ್ತಾ ಒಂದು ದೇವರನಾಮ ಗುನುಗುತ್ತಿದ್ದಳು. ಅದು ಕಿವಿಗೆ ಬಿದ್ದು ಎಷ್ಟು ಕಾಲವಾಯಿತೆಂದು ಪುಟ್ಟರಾಜುವಿಗೆ ನೆನಪೇ ಇಲ್ಲ. ಒಂದೇ ಮನೆ, ಒಂದೇ ಒಲೆ, ಒಂದೇ ಬೀಗದ ಎರಡು ಕೀಲಿ! ಅವನಿಗೆ ಹೆಂಡತಿಯನ್ನು ನೋಡುವ ಆಸೆ ಹೆಂಡತಿಯಿದ್ದ ಮನೆಯಲ್ಲೇ ಇದ್ದುಕೊಂಡು ಹುಟ್ಟುತ್ತಿತ್ತು.

ಹಾಗಾಗಿ ಅವರಿಬ್ಬರೂ ಒಂದು ಏರ್ಪಾಟು ಮಾಡಿಕೊಂಡಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ರಂಜಿನಿಯ ಬಸ್ಸು ರೆಸಾರ್ಟಿನ ಮುಂದೆ ಹಾದುಹೋಗುತ್ತದೆ. ಆ ಹೊತ್ತಿಗೆ ಸರಿಯಾಗಿ ಪುಟ್ಟರಾಜು ಕತ್ತರಿ ಹಿಡಿದು ಬೇಲಿಯ ಬಳಿ ಹಾಜರು. ಬಸ್ಸು ಬರುತ್ತದೆ. ಇವನು ಕೈ ಬೀಸುತ್ತಾನೆ. ಧೂಳು ಹಿಡಿದ ಕಿಟಕಿಯಿಂದ ಒಂದು ಕೈ ಬೀಸುತ್ತದೆ. ಬಸ್ಸು ಹೋಗುತ್ತದೆ. ಅಷ್ಟೇ ಅವರ ಸಂಸಾರ. ಆ ಮೂರು ಸೆಕೆಂಡಿನ ಬಲದ ಮೇಲೆ ಅವನು ಸಂಜೆಯವರೆಗೆ ಗುಂಡಿ ತೋಡುತ್ತಿದ್ದ.

ಒಂದು ದಿನ ಸೂಪರ್‌ವೈಸರ್ ಮದನ್ ಬಂದು ಬೇಲಿ ನೋಡಿ ಕಣ್ಣುಜ್ಜಿಕೊಂಡ.

“ಪುಟ್ರಾಜಣ್ಣ, ಬೇಲಿ ಎಲ್ಲಾ ಕಡೆ ಎದೆಮಟ್ಟ ಐತೆ. ಇಲ್ಲಿ ಮಾತ್ರ ಮಂಡಿಮಟ್ಟ ಆಗೋಗೈತಲ್ಲಾ?”

“ಗಾಳಿ ಬರ್ಲಿ ಅಂತ ಸಾ.”

“ಬಯಲಲ್ಲಿ ಗಾಳಿಗೇನ್ರೀ ಬರ!”

ಇಂಥ ಪುಟ್ಟರಾಜುವಿಗೆ ಹೊಳೆದ ಮಹಾ ಉಪಾಯವೇ ಮೇಲಿನ ಪ್ರತಿಜ್ಞೆ. ಕೆಲಸ ಬಿಟ್ಟ ಮೇಲೆ ಅವಳು ಬರುವವರೆಗೆ ಮನೆಯಲ್ಲಿ ಗೋಡೆ ನೋಡುತ್ತಾ ಕೂರುವ ಮೂರು ಗಂಟೆ ಇದೆಯಲ್ಲ, ಅದನ್ನು ಪೂರ್ತಿ ಅವಳಿಗೇ ಸುರಿದುಬಿಡುವುದು! ಜನವರಿಯಲ್ಲಿ ಮದುವೆಯ ಐದನೇ ವರ್ಷ. ರಾತ್ರಿ ಬಸ್ಸಿನ ಚಳಿಗೆ ಸ್ವೆಟರು, ಕಿವಿಗೆ ಅದೇ ದೇವರನಾಮ. ಗುಟ್ಟು ಬಯಲಾಗದಂತೆ ಉಲ್ಲನ್ನು, ಕಡ್ಡಿ ಎಲ್ಲವೂ ಮೇಷ್ಟ್ರ ಮನೆಯಲ್ಲೇ. ಹೆಣಿಗೆಯೂ ಅಲ್ಲೇ, ಪಾಠವೂ ಅಲ್ಲೇ, ಎರಡೂ ಏಕಕಾಲದಲ್ಲಿ!

“ಕೈಯಲ್ಲಿ ತಾಳ ಹಾಕಯ್ಯಾ,” ಎಂದರು ಮೇಷ್ಟ್ರು.

“ಕೈ ಬಿಡುವಿಲ್ವಲ್ಲಾ ಸಾ.”

“ಹೆಣಿಗೆ ಕೆಳಗಿಡು.”

“ಮಡಗಿದ್ರೆ ಟೈಮೆಲ್ಲೈತೆ ಸಾ? ಒಂದು ಸ್ವರಕ್ಕೆ ಒಂದು ಕುಣಿಕೆ. ಎಂಟು ಕುಣಿಕೆಗೆ ಒಂದು ಆವರ್ತ. ಅನ್ನೆರಡು ಆವರ್ತಕ್ಕೆ ಸ್ವೆಟರಿನ ಒಂದು ಸಾಲು! ಎಂಗೆ?”

ಮೇಷ್ಟ್ರು ನಲವತ್ತು ವರ್ಷ ಪಾಠ ಹೇಳಿದವರು. ಉಲ್ಲನ್ನಿನಲ್ಲಿ ತಾಳ ಹಾಕುವ ಶಿಷ್ಯನನ್ನು ಕಂಡವರಲ್ಲ. ಆದರೂ ಅವನು ತಾಳ ತಪ್ಪುತ್ತಿರಲಿಲ್ಲವಾದ್ದರಿಂದ ಸುಮ್ಮನಾದರು. ಮೊದಲ ಒಂದೂವರೆ ತಿಂಗಳು ಒಂದನೇ ಕಾಲ. ಸ್ವರಗಳು ನಿಧಾನವಾಗಿ ಸಾಗಿದವು, ಕುಣಿಕೆಗಳೂ ಆರಾಮಾಗಿ ಸಾಗಿದವು. ಬೆನ್ನಿನ ಭಾಗ ಮತ್ತು ಬಲಗೈ ಮುಗಿದವು. ಆಮೇಲೆ ಮೇಷ್ಟ್ರು ಎರಡನೇ ಕಾಲಕ್ಕೆ ಹೋದರು. ಸ್ವರಗಳು ಇಮ್ಮಡಿ ವೇಗದಲ್ಲಿ ಓಡಿದವು. ಪುಟ್ಟರಾಜು ಹಲ್ಲು ಕಚ್ಚಿ, ಉಲ್ಲನ್ ಜಗ್ಗಿ ಜಗ್ಗಿ ಹಿಂದೆಯೇ ಓಡಿದ. ಎದೆಯ ಭಾಗ ಮತ್ತು ಎಡಗೈ ಮುಗಿದವು.

ಅದೇ ಹೊತ್ತಿಗೆ ಮನೆಯಲ್ಲೂ ಒಳ್ಳೆಯ ದಿನಗಳು ಬಂದವು. ಎಂಟೂಇಪ್ಪತ್ತಕ್ಕೆ ಇವನು ಓಡೋಡಿ ಬಂದರೆ ರಂಜಿನಿ ಆಗಲೇ ಮನೆಯಲ್ಲಿ!

“ಬಸ್ಸು ಬೇಗ ಬಂತಾ?”

“ಹೂಂ, ಬಂತು. ನೀವು ಎಲ್ಲಿಗೆ ಹೋಗಿದ್ರಿ?”

“ಓವರ್‌ಟೈಮು ಕಣೇ. ಗುಲಾಬಿಗೆ ಗೊಬ್ಬರ ಹಾಕಿಸ್ತಾವ್ರೆ.”

ಸರ್ಕಾರಿ ಬಸ್ಸು ಎಷ್ಟು ಸುಧಾರಿಸಿಬಿಟ್ಟಿದೆ ಎಂದು ಪುಟ್ಟರಾಜು ಬೆರಗಾದ. ಸಾರು ಬಿಸಿಯಾಗಿರುತ್ತಿತ್ತು. ಒಣಗಿ ಕಡ್ಡಿಯಾಗಿದ್ದ ಬಾಗಿಲ ಪಕ್ಕದ ಮಲ್ಲಿಗೆ ಬಳ್ಳಿ ತಾನಾಗಿ ಚಿಗುರಿ ಮೊಗ್ಗು ಬಿಟ್ಟಿತು. “ನೀರೇ ಆಕ್ದೆ ಹೂ ಬಿಡ್ತು ಸಾ! ಇದಕ್ಕೇ ಕೈಗುಣ ಅನ್ನೋದು!” ಎಂದು ಮೇಷ್ಟ್ರ ಮುಂದೆ ಕೊಚ್ಚಿಕೊಂಡ. ರಂಜಿನಿ ಮಾತ್ರ ಯಾಕೋ ಮಾತು ಕಡಿಮೆ ಮಾಡಿದ್ದಳು. ಕೆಲಸದ ಆಯಾಸ, ಪಾಪ, ಎಂದುಕೊಂಡು ಇನ್ನಷ್ಟು ಜೋರಾಗಿ ಹೆಣೆದ. ಇನ್ನು ಸ್ವಲ್ಪ ದಿನ ತಡಿ ರಂಜಿ, ಎಲ್ಲಾ ಸೇರಿಸಿ ಒಂದೇ ಸಲ ಕೊಡ್ತೀನಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ.

ಆ ದಿನ ಬಂದೇ ಬಂತು. ಪುಟ್ಟರಾಜು ಅರ್ಧ ದಿನ ರಜೆ ಹಾಕಿ, ಮೇಷ್ಟ್ರ ಜಗಲಿಯಲ್ಲಿ ಬೆನ್ನು, ಎದೆ, ತೋಳುಗಳನ್ನು ಮೊಟ್ಟಮೊದಲ ಬಾರಿಗೆ ಜೋಡಿಸಿ ಹೊಲಿದು ಎತ್ತಿ ಹಿಡಿದ. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದೇನಯ್ಯಾ! ಬೆನ್ನು ಎಮ್ಮೆಗೆ, ಎದೆ ಕರುವಿಗೆ?”

“ಕುಣಿಕೆ ಎಲ್ಲಾ ಸಮ ಅವೆ ಸಾ! ಅತ್ತು ಸಲ ಎಣಿಸಿವ್ನಿ!”

“ಕುಣಿಕೆ ಸಮ ಇದ್ರೇನು? ಬೆನ್ನು ಒಂದನೇ ಕಾಲದಲ್ಲಿ ಸಡಿಲ ಹೆಣೆದಿದ್ದೀಯ, ಎದೆ ಎರಡನೇ ಕಾಲದಲ್ಲಿ ಜಗ್ಗಿ ಹೆಣೆದಿದ್ದೀಯ. ನನ್ನ ಪಾಠ ಇಷ್ಟು ಸ್ಪಷ್ಟವಾಗಿ ಯಾವ ಶಿಷ್ಯನ ಮೇಲೂ ಮೂಡಿರಲಿಲ್ಲ ಕಣಯ್ಯಾ!”

ಹೋಗಲಿ, ಹಾಡಾದರೂ ಇದೆಯಲ್ಲ ಎಂದು ಧೈರ್ಯ ತಂದುಕೊಂಡು, ಸ್ವೆಟರನ್ನು ಚೀಲಕ್ಕೆ ತುರುಕಿ ಪುಟ್ಟರಾಜು ಐದೂವರೆಗೆ ಮನೆ ಕಡೆ ಹೊರಟ. ರಂಜಿನಿ ಬರಲು ಇನ್ನೂ ಮೂರು ಗಂಟೆ ಇದೆ. ಮನೆ ಗುಡಿಸಿ, ಪಾಯಸ ಮಾಡಿ, ಹಾಡು ಒಮ್ಮೆ ಅಭ್ಯಾಸ ಮಾಡಬಹುದು. ಬೀಗದ ಕೀಲಿ ಹುಡುಕುತ್ತಾ ಗೇಟು ತೆಗೆದವನು ಅಲ್ಲೇ ನಿಂತ. ಬಾಗಿಲು ತೆರೆದಿತ್ತು. ರಂಜಿನಿ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದಳು.

“ಏನೇ ಇದು, ಜ್ವರಾನಾ? ಇಷ್ಟೊತ್ಗೇ ಬಂದ್ಬುಟ್ಟಿದ್ದೀಯ?”

“ನಾನು ದಿನಾ ಇಷ್ಟೊತ್ತಿಗೇ ಮನೇಲಿರ್ತೀನಿ ಕಣ್ರೀ. ನೀವು ಬಂದಿರೋದು ಇವತ್ತು.”

ಪುಟ್ಟರಾಜುವಿಗೆ ಅರ್ಥವಾಗಲಿಲ್ಲ. ರಂಜಿನಿ ಚೊಂಬು ಕೆಳಗಿಟ್ಟಳು.

“ಬೆಳಗಿನ ಶಿಫ್ಟಿಗೆ ಹಾಕಿಸ್ಕೊಂಡು ಆರು ವಾರ ಆಯ್ತು. ಎಷ್ಟು ಜನರ ಕೈಕಾಲು ಹಿಡಿದೆ ಗೊತ್ತಾ? ಸಂಜೆ ನಿಮ್ಜೊತೆ ಕೂತ್ಕೊಬೋದು ಅಂತ. ಮೊದಲನೇ ದಿನ ಕಾಫಿ ಸೋಸಿ, ಹೂ ಮುಡ್ಕೊಂಡು ಕಾದೆ. ಎಂಟೂಇಪ್ಪತ್ತಕ್ಕೆ ಬಂದು ಓವರ್‌ಟೈಮು ಅಂದ್ರಿ. ಮಾರನೇ ದಿನಾನೂ ಗೊಬ್ಬರ. ಅದರ ಮಾರನೇ ದಿನಾನೂ ಗೊಬ್ಬರ. ಅಷ್ಟು ಗೊಬ್ಬರ ತಿಂದ್ರೆ ಗುಲಾಬಿ ಸತ್ತೋಗಲ್ವೇನ್ರೀ? ಒಂದಿನ ಆದ್ರೂ ತಾವಾಗೇ ಬೇಗ ಬರ್ತಾರಾ ನೋಡೇಬಿಡಣ ಅಂತ ಬಾಯಿ ಮುಚ್ಕೊಂಡೆ.”

“ಅಲ್ಲ ಕಣೇ... ಅಂಗಾದ್ರೆ ಅನ್ನೊಂದು ಗಂಟೆ ಬಸ್ಸಲ್ಲಿ ದಿನಾ ನಂಗೆ ಕೈ ಬೀಸ್ತಿದ್ದೋರು ಯಾರು?”

“ನಂಗೇನು ಗೊತ್ತು? ಕಂಡಕ್ಟರ್ ಇರ್ಬೇಕು!”

ಆರು ವಾರ! ಪುಟ್ಟರಾಜು ಎಂಥ ಪ್ರೀತಿಯಿಂದ ಕೈ ಬೀಸಿದ್ದ! ಒಂದೆರಡು ಸಲ ಗುಲಾಬಿಯನ್ನೂ ತೋರಿಸಿದ್ದ!

“ನನ್ನ ಬಸ್ಸು ಈಗ ಏಳು ಗಂಟೆಗೆ ಅಲ್ಲಿ ಹಾಯುತ್ತೆ,” ರಂಜಿನಿಯ ದನಿ ಸಣ್ಣದಾಯಿತು. “ನಾನೂ ದಿನಾ ಬೀಸ್ತೀನಿ, ಆ ಗಿಡ್ಡ ಬೇಲಿ ಕಡೆಗೆ. ಅಲ್ಲಿ ಯಾರೂ ಇರಲ್ಲ.”

ಏಳು ಗಂಟೆಗೆ ಅವನು ರೆಸಾರ್ಟಿನ ಹಿಂಬದಿಯ ತೊಟ್ಟಿಯ ಹತ್ತಿರ ಪೈಪು ಹಿಡಿದಿರುತ್ತಾನೆ. ಪುಟ್ಟರಾಜುವಿಗೆ ಅಳು ಬಂತು. ಯಾವ ಸಂಜೆಗಳಿಗಾಗಿ ಅವನು ಹಂಬಲಿಸಿ ಸತ್ತಿದ್ದನೋ ಆ ಸಂಜೆಗಳು ಆರು ವಾರದಿಂದ ಇದೇ ಹೊಸ್ತಿಲ ಮೇಲೆ ಕೂತು ಕಾದಿದ್ದವು. ಚೀಲವನ್ನೇ ಅವಳ ಕೈಗಿಟ್ಟು, ಮೇಷ್ಟ್ರು, ತಾಳ, ಒಂದನೇ ಕಾಲ, ಎರಡನೇ ಕಾಲ ಎಲ್ಲವನ್ನೂ ಒಪ್ಪಿಸಿದ.

ರಂಜಿನಿ ಸ್ವೆಟರು ಹಾಕಿಕೊಂಡಳು. ಬೆನ್ನು ಮಂಡಿ ಮುಟ್ಟಿತು, ಎದೆ ಹೊಟ್ಟೆಯ ಮೇಲೇ ನಿಂತಿತು. ಬಲಗೈ ಪೂರಾ ಮಾಯ, ಎಡಗೈ ಮೊಣಕೈವರೆಗೆ. ಕನ್ನಡಿ ನೋಡಿ ಅವಳು ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ಕೇಳಿ ವರ್ಷವಾಗಿತ್ತು.

“ಬಿಚ್ಚಿ ಮತ್ತೆ ಹೆಣೀತೀನಿ ಕಣೇ,” ಎಂದ ಪುಟ್ಟರಾಜು, ತಲೆ ತಗ್ಗಿಸಿ.

“ಹೆಣೀರಿ. ಇಲ್ಲೇ ಕೂತು ಹೆಣೀರಿ. ಈಗ ಎರಡೂ ಕೈ ಮುಂದೆ ಚಾಚಿ.”

ಅವನು ಹೊಸ್ತಿಲ ಮೇಲೆ ಕೂತು ಕೈ ಚಾಚಿದ. ಅವಳು ಎದುರಿಗೆ ಕೂತು ಸ್ವೆಟರಿನ ತುದಿ ಹುಡುಕಿ ಬಿಚ್ಚುತ್ತಾ, ಬಿಚ್ಚಿದ ಉಲ್ಲನ್ನು ಅವನ ಕೈಗಳ ಸುತ್ತ ಸುತ್ತತೊಡಗಿದಳು. ಈಗ ಅವನು ಎದ್ದು ಹೋಗುವಂತೆಯೂ ಇರಲಿಲ್ಲ. ಹಾಡಾದರೂ ಒಪ್ಪಿಸೋಣವೆಂದು ಅಂಜುತ್ತಲೇ ದೇವರನಾಮ ಎತ್ತಿಕೊಂಡ. ಎರಡನೇ ಸಾಲಿಗೆ ರಂಜಿನಿಯ ಸಣ್ಣ ದನಿಯೂ ಸೇರಿತು, ಉಲ್ಲನ್ ಸುತ್ತುವ ಅವಳ ಕೈಯೂ ಅದೇ ತಾಳ ಹಿಡಿಯಿತು. ಖುಷಿ ತಡೆಯಲಾಗದೆ ಪುಟ್ಟರಾಜು ವೇಗ ಹೆಚ್ಚಿಸಿದ.

ರಂಜಿನಿ ಉಲ್ಲನ್ ಹಿಡಿದು ಮೆಲ್ಲಗೆ ಜಗ್ಗಿದಳು.

“ಒಂದನೇ ಕಾಲದಲ್ಲೇ ಹಾಡ್ರೀ. ಎರಡನೇ ಕಾಲಕ್ಕೆ ಹೋದ್ರೆ ಉಲ್ಲನ್ನು ಇವತ್ತೇ ಮುಗಿದೋಗುತ್ತೆ.”