ಹದಿನಾರು ಟನ್ನಿನ ಲಾರಿ, ಆರು ಟನ್ನಿನ ಚೀಟಿ

ಕಂಪ್ಯೂಟರ್ ಬಲ್ಲವನ ಮಾನ ಕಳೆಯಲು ವೈರಿಗಳು ಬೇಕಿಲ್ಲ, ಅವನು ಬರೆದ ಪ್ರೋಗ್ರಾಂ ಸಾಕು. ನನಗಂತೂ ಇದು ಆಗುತ್ತಲೇ ಇರುತ್ತದೆ. ಆದರೆ ಅದಿರಿನ ಲಾರಿಗಳು ಹಗಲೆಲ್ಲ ಸಾಲುಗಟ್ಟುತ್ತಿದ್ದ ಕಾಲದಲ್ಲಿ, ಸಂಡೂರು ರಸ್ತೆಯಲ್ಲಿ ಲಾರಿ ತೂಗುವ ಒಂದು ವೇಬ್ರಿಡ್ಜಿನಲ್ಲಿ ಆದದ್ದನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

೧. ಶ್ರೀ

ಲಾರಿ ತೂಗಿ ಚೀಟಿ ಕೊಡಲು ಒಂದು ಪ್ರೋಗ್ರಾಂ ಬರೆದಿದ್ದೆ. ಅದೂ ಹೊಸಪೇಟೆಯಲ್ಲಿ ಯಾರೂ ಕೇಳಿರದ, ಫಂಕ್ಷನಲ್ ಎಂಬ ಜಾತಿಯ ಕಂಪ್ಯೂಟರ್ ಭಾಷೆಯಲ್ಲಿ. ಜಂಬವೆಂದರೆ ಜಂಬ. ಪ್ರೋಗ್ರಾಂನ ಹೆಸರು, ಲಾರಿ ನಂಬರ್, ತೂಕ, ಇಷ್ಟನ್ನೂ ಒಂದೇ ಸಾಲಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಚೀಟಿ ಬರಬೇಕು.

ಅಲ್ಲಿ ಚೀಟಿ ಬರೆಯುತ್ತಿದ್ದ ಚಿತ್ತವಾಡ್ಗಿಯ ಹಿರಿಯ ಗುಮಾಸ್ತರು ಒತ್ತಿದರೆ ಬರಲಿಲ್ಲ. ನೋಡಿದರೆ ಎಲ್ಲಕ್ಕಿಂತ ಮೊದಲು ‘ಶ್ರೀ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದಾರೆ. ಅದನ್ನು ತೆಗೆಯಿರಿ ಎಂದೆ. ಶ್ರೀ ಬರೆಯದೆ ಈವರೆಗೆ ಒಂದು ಹಾಳೆಯನ್ನೂ ಶುರು ಮಾಡಿಲ್ಲ ಎಂದರು. ಸೋತು, ಪ್ರೋಗ್ರಾಂನ ಹೆಸರನ್ನೇ ‘ಶ್ರೀ’ ಎಂದು ಬದಲಿಸಿದೆ. ಮರುದಿನ ಬಂದು ನೋಡಿದರೆ ಮಾನಿಟರಿನ ಹಣೆಗೆ ವಿಭೂತಿಯೂ ಬಿದ್ದಿತ್ತು.

೨. ಡ್ರೈವರ್ ಸಾಹೇಬರು

ಆಮೇಲೆ ನಂಬರಿನ ಮುಂದೆ ಡ್ರೈವರನ ಹೆಸರನ್ನೂ ಸೇರಿಸತೊಡಗಿದರು. ಬರೀ ನಂಬರ್ ಸಾಕು ಎಂದೆ.

“ಒಳಗ ಮನುಷ್ಯಾ ಕುಂತಾನ್ರಿ. ಹೆಸರ ಬ್ಯಾಡ ಅಂದ್ರ ಹೆಂಗ?”

ಟೈಪಾದ ಸಾಲಿನಲ್ಲಿ ಯಾವುದು ಏನೆಂದು ಗುರುತಿಸಲು ಒಂದು ನಮೂನೆ ಬರೆದಿಡುತ್ತೇವೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂದರೆ ಅದೇ. ನಾನು ಅದನ್ನು ಸಡಿಲಿಸಿ, ಮೊದಲು ಏನು ಬೇಕಾದರೂ ಇರಲಿ, ಕೊನೆಯ ಸಂಖ್ಯೆಯೇ ತೂಕ ಎಂದು ಬರೆದೆ. ಒಂಬತ್ತು ಟನ್ನಿನ ಒಂದು ಲಾರಿ ತೂಗಿ ನೋಡಿದೆ. ಚೀಟಿ ಸರಿಯಾಗಿ ಬಂತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

೩. ಬೆರಳು

ಮರುದಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗೇಟಿನಲ್ಲಿ ನಮ್ಮಲ್ಲಿ ತೂಗಿದ ಲಾರಿಗಳನ್ನು ನಿಲ್ಲಿಸಿದರು. ಒಂದೊಂದರಲ್ಲೂ ಇದ್ದದ್ದು ಹದಿನಾರು ಟನ್, ಚೀಟಿಯಲ್ಲಿದ್ದದ್ದು ಆರು. ವೇಬ್ರಿಡ್ಜಿನ ಸಾಹುಕಾರರು ಬಂದು ಗುಮಾಸ್ತರ ಮೇಲೆ ಕೂಗಾಡಿದರು, ನಾಳೆಯಿಂದ ಬರಬೇಡ ಎಂದರು. ಅಲ್ಲೇ ನಿಂತಿದ್ದ ನಾನು ಹೇಳಿದ ಮಾತು ಇದು: ಒಂದು ಎಂಬ ಅಂಕಿಯನ್ನು ಒತ್ತುವ ಬೆರಳು ಸರಿಯಾಗಿ ಬಿದ್ದಿರಲಿಕ್ಕಿಲ್ಲ. ಗುಮಾಸ್ತರು ಎದ್ದು ಹೋದರು.

ಮಧ್ಯಾಹ್ನ ನನ್ನ ನಮೂನೆಯನ್ನು ಬಿಡಿಸಿ ನೋಡಿದೆ. ‘ಏನು ಬೇಕಾದರೂ ಇರಲಿ’ ಎಂದದ್ದೇ ತಡ, ಅದು ಸಿಕ್ಕಷ್ಟನ್ನೂ ತನ್ನ ಪಾಲಿಗೆ ಎಳೆದುಕೊಂಡು, ಹದಿನಾರರ ಒಂದನ್ನೂ ನುಂಗಿ, ತೂಕಕ್ಕೆಂದು ಬರೀ ಆರನ್ನು ಉಳಿಸಿತ್ತು. ಮೊದಲು ತೂಗಿದ ಒಂಬತ್ತು ಒಂದೇ ಅಂಕಿಯದಾದ್ದರಿಂದ ಪಾರಾಗಿತ್ತು. ಗುಮಾಸ್ತರ ಬೆರಳಿನದು ಏನೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಅವರೇ ಬಂದರು. ಒಂದನ್ನು ಒತ್ತುವ ಎಡಗೈಯ ಕಿರುಬೆರಳಿಗೆ ಅರಿಸಿನದ ಬಿಸಿ ಪಟ್ಟು, ಮೇಲೆ ಬಟ್ಟೆ.

“ನೀವು ಹೇಳಿದ್ದು ಖರೇ ಇರಬೇಕ್ರಿ, ವಯಸ್ಸಾತು. ಬೆರಳಿಗೆ ಔಷಧ ಕಟ್ಟಿಸ್ಕೊಂಡ ಬಂದೀನಿ. ಕೆಲಸದಾಗ ಇಟ್ಕೊಳ್ರಿ ಅಂತ ಸಾಹುಕಾರ್ರಿಗೆ ನೀವ ಒಂದ ಮಾತ ಹೇಳ್ರಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹುಕಾರರನ್ನು ಕರೆಸಿ, ಸಾಲಿನಲ್ಲಿ ನಿಂತ ಡ್ರೈವರುಗಳೆಲ್ಲ ಕೇಳುತ್ತಿರುವಾಗಲೇ ತಪ್ಪು ನನ್ನದೆಂದು ಒಪ್ಪಿಕೊಂಡೆ. ಗುಮಾಸ್ತರ ಕೆಲಸ ಉಳಿಯಿತು. ಅವರು ನಿಧಾನವಾಗಿ ಬಟ್ಟೆ ಬಿಚ್ಚಿ, ಪಟ್ಟನ್ನು ನನ್ನ ಕೈಗಿಟ್ಟರು.

“ಇನ್ನಾ ಬಿಸಿ ಐತ್ರಿ. ಕಂಪ್ಯೂಟರಿಗೆ ಎಲ್ಲಿ ಕಟ್ಟಬೇಕೋ ನೋಡಿ ಕಟ್ರಿ.”